ಐತವಾರದ ಹುತ್ತ

ಪ್ರಾಣಿಶಾಸ್ತ್ರದ ಸರ್ ತೀರಿಕೊಂಡ ಸುದ್ದಿ ನಮ್ಮ ಕೋಚಿಂಗ್ ಸೆಂಟರಿನ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಬಂತು. ಮಧ್ಯಾಹ್ನದವರೆಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಸಂಜೆ ಅವುಗಳ ಕೆಳಗೇ ಮರುದಿನದ ಟೈಮ್‌ಟೇಬಲ್ ಬಿತ್ತು, ಪ್ರಾಣಿಶಾಸ್ತ್ರದ ಪ್ರಶ್ನೆಪತ್ರಿಕೆಯ ಎದುರು ಹೊಸ ಹುಡುಗನ ಹೆಸರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು ಅನ್ನಿಸುತ್ತದೆ. ನಾನು ಫೋನು ಮಗುಚಿಟ್ಟು ಮೂರನೇ ಬ್ಯಾಚಿಗೆ ರಸಾಯನಶಾಸ್ತ್ರ ಹೇಳಲು ಹೋದೆ.

ಅವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಲಿಂಗಸುಗೂರು ಕಡೆಯವರು. ನಾನು ರಾಯಚೂರಿನವಳಾದ್ದರಿಂದ ಸ್ಟಾಫ್‌ರೂಮಿನಲ್ಲಿ ಕನ್ನಡ ಮಾತಾಡಲು ನಾವಿಬ್ಬರೇ. ಮೂರನೆಯವರು ಭೌತಶಾಸ್ತ್ರದ ಖಾದರ್ ಭಾಯಿ. ಹುಟ್ಟಿದ್ದು ಬೆಳೆದದ್ದು ಹೈದರಾಬಾದಿನಲ್ಲಾದರೂ ತಾಯಿಯ ಊರು ಮುದಗಲ್ಲು, ಹಾಗಾಗಿ ದಖ್ಖನಿಯ ನಡುವೆ ಕನ್ನಡ ಸೇರಿಸುವವರು. ನಾವು ಮೂವರೂ ಅವರನ್ನು ಬಿಟ್ಟು ಬೇರೆ ಯಾರನ್ನಾದರೂ ‘ಸರ್’ ಎಂದು ಮನಸ್ಸಿನಿಂದ ಕರೆದದ್ದು ನೆನಪಿಲ್ಲ, ಎಂದು ಬರೆಯಹೊರಟು ನಗು ಬಂತು. ಮೂವರಲ್ಲಿ ಒಬ್ಬರು ಅವರೇ ಅಲ್ಲವೇ! ದಣಿದ ತಲೆ, ಲೆಕ್ಕ ತಪ್ಪುತ್ತದೆ. ಇರಲಿ. ನಾವಿಬ್ಬರೂ ಅಂತ ಓದಿಕೊಳ್ಳಿ.

ಇದು ಒಬ್ಬ ಮನುಷ್ಯನ ದನಿಯ ಕಥೆ. ಮೊದಲೇ ಹೇಳಿಬಿಡುತ್ತೇನೆ, ಆ ದನಿ ಹೋಯಿತು. ಹೋಗಬೇಕಾ ಬೇಡವಾ ಎಂಬುದಕ್ಕೆ ಅವರ ಮನೆಯಲ್ಲಿ ಜಗ್ಗಾಟ ನಡೆದದ್ದೂ, ಅದು ತೀರ್ಮಾನವಾದದ್ದೂ ಹಾವುಗಳ ಒಂದು ಆಟದಲ್ಲಿ.

ನಮ್ಮ ಸೆಂಟರಿನ ತರಗತಿಗಳ ನಡುವಿನ ಗೋಡೆ ಪ್ಲೈವುಡ್ಡಿನದು. ಆಚೆಯ ಗುರುತ್ವಾಕರ್ಷಣೆ ಈಚೆಯ ಮೂತ್ರಪಿಂಡದ ಮೇಲೆ ಬಂದು ಬೀಳುತ್ತದೆ. ಒಂದು ಕಾಲದಲ್ಲಿ ಮೈಕ್ ಕೊಟ್ಟಿದ್ದರು. ಇವರ ಮೈಕ್ ಅವರಿಗೆ ತೊಂದರೆ, ಅವರ ಮೈಕ್ ಇವರಿಗೆ ತೊಂದರೆ ಎಂದು ದೂರು ಬಂದು ಎಲ್ಲವನ್ನೂ ಕಿತ್ತರು. ಆಮೇಲೆ ಉಳಿದದ್ದು ಗಂಟಲು. ಯಾರ ಗಂಟಲು ದೊಡ್ಡದೋ ಅವರ ಬ್ಯಾಚಿಗೆ ಪಾಠ ಕೇಳುತ್ತದೆ. ಡಾಕ್ಟರಾಗಲು ಹೊರಟ ಮಕ್ಕಳು ಕಿಕ್ಕಿರಿದು ಕೂತ ಆ ಕೋಣೆಯಲ್ಲಿ ಸರ್ ಬೆಳಗಿನಿಂದ ಸಂಜೆಯವರೆಗೆ ತೆಲುಗು, ಇಂಗ್ಲಿಷ್ ಎರಡರಲ್ಲೂ ಕೂಗುತ್ತಿದ್ದರು. ಕತ್ತಿನ ನರ ಉಬ್ಬಿ ನಿಲ್ಲುತ್ತಿತ್ತು. ಬಿಡುವಿನಲ್ಲಿ ಸ್ಟಾಫ್‌ರೂಮಿಗೆ ಬಂದು ಸ್ಟೀಲಿನ ಫ್ಲಾಸ್ಕಿನಿಂದ ಬಿಸಿನೀರು ಕುಡಿದು, ಅತಿಮಧುರದ ಕಡ್ಡಿ ದವಡೆಗೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಏನಾದರೂ ಕೇಳಿದರೆ ಕೈಯಲ್ಲೇ ಉತ್ತರ. ಹೊಸಬರು ಅವರನ್ನು ಗರ್ವಿಷ್ಠ ಅಂದುಕೊಳ್ಳುತ್ತಿದ್ದರು.

ಆಟದ ಹುಚ್ಚು ಹತ್ತಿಸಿದ್ದು ಅವರ ಹಳೆಯ ವಿದ್ಯಾರ್ಥಿ, ಈಗ ಡಾಕ್ಟರು. ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ ತಂದುಕೊಟ್ಟು, ‘ಸರ್, ನಿಮ್ಮಂಥವರು ಇದನ್ನು ಆಡಿಸಬೇಕು’ ಅಂದನಂತೆ. ಒಬ್ಬರು ಕಥೆ ಹೇಳುವುದು, ಉಳಿದವರು ಆ ಕಥೆಯಲ್ಲಿ ಒಂದೊಂದು ಪಾತ್ರವಾಗುವುದು. ‘ಈಗ ಏನು ಮಾಡುತ್ತೀರಿ?’ ಎಂದು ಕೇಳಿದಾಗ ಪಾತ್ರದವರು ಬಾಯಲ್ಲಿ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಇಷ್ಟೇ ಆಟ. ಸರ್ ಪುಸ್ತಕ ಓದಿದರು. ಅದರಲ್ಲಿ ವಿಷದ ಹಾವುಗಳ ತಳಿಗಳನ್ನೂ ಪಾತ್ರವಾಗಿ ಆರಿಸಿಕೊಳ್ಳಬಹುದಿತ್ತು. ಆ ಅಧ್ಯಾಯಕ್ಕೆ ಬಂದದ್ದೇ ತಡ, ಸ್ಟಾಫ್‌ರೂಮಿನಲ್ಲಿ ಎಂದೂ ಬಾಯಿ ಬಿಡದವರು ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

“ಮೇಡಂ, ಹಾವಿಗೆ ರೆಪ್ಪಿ ಕೊಟ್ಟಾರ್ರಿ! ಕಣ್ಣ ಮುಚ್ಚಿ ಧ್ಯಾನ ಮಾಡತೈತಂತ! ಎಲ್ಲಾ ತಳಿಗೂ ಒಂದ ವಿಷ, ಅದೂ ಹಸರ ಬಣ್ಣದ್ದು. ಕಟ್ಟಹಾವಿನ ವಿಷ ಬ್ಯಾರೆ, ಮಂಡಲದ್ದು ಬ್ಯಾರೆ, ಅಷ್ಟೂ ತಿಳೀದ ಪುಸ್ತಕ ಬರದಾರಲ್ರಿ?”

“ಆಟದ ಪುಸ್ತಕ ಸರ್, ಪರೀಕ್ಷೆಗೆ ಬರೋದಿಲ್ಲ ಬಿಡ್ರಿ,” ಅಂದೆ.

“ಆಟಕ್ಕೂ ಒಂದು ಮರ್ಯಾದಿ ಐತಿ,” ಅಂದರು. ಆ ಮಾತಿನಲ್ಲೇ ಗಂಟಲು ಕೈಕೊಟ್ಟಿತು. ಮತ್ತೆ ಬಿಸಿನೀರು.

ಪುಸ್ತಕವನ್ನು ಕಪಾಟಿನ ಮೇಲೆ ಎಸೆದು ತಮ್ಮದೇ ಆಟ ಕಟ್ಟಿದರು. ಹೆಸರು ‘ಹುತ್ತ’. ಐತವಾರ ಬೆಳಿಗ್ಗೆ ಮಕ್ಕಳಿಗೆ ಪರೀಕ್ಷೆ ಇಟ್ಟು, ಮಧ್ಯಾಹ್ನ ನಾನೂ ಖಾದರ್ ಭಾಯಿಯೂ ಮೆಟ್ರೋ ಹತ್ತಿ ಎರ್ರಗಡ್ಡದಲ್ಲಿ ಇಳಿದು ಸನತ್‌ನಗರದ ಅವರ ಮನೆಗೆ ಹೋಗುವುದು ರೂಢಿಯಾಯಿತು. ಯಾಕೆ ಹೋಗುತ್ತಿದ್ದೆನೋ! ವಾರವಿಡೀ ದುಡಿದು ಸತ್ತು, ಇರುವ ಒಂದು ಮಧ್ಯಾಹ್ನ ಮಲಗುವುದು ಬಿಟ್ಟು ಹಾವಾಗಲು ಹೋಗುತ್ತೀಯಾ ಎಂದು ನನ್ನ ಗಂಡ ಗೊಣಗುತ್ತಿದ್ದ.

ಎರಡು ಕೋಣೆಯ ಬಾಡಿಗೆ ಮನೆ. ಮಕ್ಕಳಿಲ್ಲ. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಅಲ್ಲೇ ಎರಡು ಬೀದಿ ಆಚೆ ಬಾಟಲಿ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ದಿನವಿಡೀ ಯಂತ್ರದ ಬಡಿತ ಕೇಳಿ ಮನೆಗೆ ಬಂದರೂ ಕಿವಿಯೊಳಗೆ ಅದು ನಿಲ್ಲುವುದಿಲ್ಲ ಅನ್ನುತ್ತಿದ್ದರು. ಗಂಡನ ಬಾಯಿಗೆ ಬಿಡುವು ಬೇಕು, ಹೆಂಡತಿಯ ಕಿವಿಗೆ ಬಿಡುವು ಬೇಕು. ವಾರದ ಆರು ದಿನ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ ಎಂದು ಕಾಣುತ್ತದೆ. ‘ಇವರು ಮೊದಲಿಂದ ಮಾತು ಕಡಿಮಿ ತಂಗಿ’ ಎಂದು ಅಕ್ಕ ಹೇಳುತ್ತಿದ್ದರು. ದೂರಿನ ಹಾಗೂ ಅಲ್ಲ, ಹೆಮ್ಮೆಯ ಹಾಗೂ ಅಲ್ಲ.

ಐತವಾರ ಮಾತ್ರ ಆ ಮನುಷ್ಯ ಬೇರೆಯೇ. ಜೀರ್ಣಾಂಗಗಳ ಹಳೆಯ ಚಾರ್ಟಿನ ಹಿಂಬದಿಯಲ್ಲಿ ಮುದಗಲ್ಲಿನ ಕೋಟೆಯಂಥ ಒಂದು ಹಾಳುಕೋಟೆ ಬರೆದಿದ್ದರು. ಬುರುಜು, ಕಂದಕ, ಬಾವಿ, ಬೇಲಿ. ಅದನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಗೋಡೆಗೊರಗಿ ಕೂತು ಶುರು ಮಾಡುತ್ತಿದ್ದರು. ಮೆಲ್ಲನೆಯ ದನಿ. ಸ್ವಲ್ಪ ಒಡೆದದ್ದು, ಬೆಚ್ಚಗಿನದು. ನಾವು ಮುಂದಕ್ಕೆ ಬಾಗಿ ಕೇಳಬೇಕಿತ್ತು. “ಬಿಸಲು ಇಳದೈತಿ. ಕಲ್ಲು ಇನ್ನಾ ಬಿಸಿ ಅದಾವು. ಹೊಟ್ಟಿ ಬೆಚ್ಚಗ ಐತಿ ನಿಮ್ಮದು. ದೂರದಾಗ ನೆಲ ನಡುಗಾಕತ್ತೈತಿ. ಜೇಸಿಬಿ ಬಂದೈತಿ ಕೋಟಿ ಬಾಗಿಲಿಗೆ. ಏನ್ ಮಾಡ್ತೀರಿ?”

ಮೊದಲನೇ ಐತವಾರ ಈ ಪ್ರಶ್ನೆ ಕೇಳಿದಾಗ ನಾನೂ ಖಾದರ್ ಭಾಯಿಯೂ ಸುಮ್ಮನೆ ಕೂತೆವು. ಸರ್ ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು.

“ಹೇಳ್ರಿ?”

“ಆಪ್ಷನ್ಸ್ ಹೇಳಿ ಸರ್,” ಅಂದರು ಖಾದರ್ ಭಾಯಿ. “ಎ, ಬಿ, ಸಿ, ಡಿ?”

ನಾಚಿಕೆಗೇಡು, ನಾನೂ ಅದಕ್ಕೇ ಕಾಯುತ್ತಿದ್ದೆ! ವರ್ಷಗಟ್ಟಲೆ ನಾಲ್ಕರಲ್ಲಿ ಒಂದನ್ನು ಗುರುತಿಸುವುದನ್ನು ಕಲಿಸಿ ಕಲಿಸಿ, ಐದನೆಯ ಉತ್ತರ ಎಂಬುದು ಇರಬಹುದೆಂದು ನಮ್ಮ ತಲೆಗೇ ಹೋಗಲಿಲ್ಲ. ಚಹಾ ತಂದ ಅಕ್ಕ ನಿಂತಲ್ಲೇ ಚಿತ್ರ ನೋಡಿ, “ನಾ ಆದ್ರ ಆ ಬಾವಿ ಗ್ವಾಡಿ ಸಂದಿನ್ಯಾಗ ಹೊಕ್ಕೊಂಡು ಬಿಡ್ತೀನಿ. ಯಾವನ್ ಬಂದ್ರೇನು,” ಅಂದರು. ಸರ್ ಜೋರಾಗಿ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. “ಕುಂದ್ರ ನೀನೂ,” ಅಂದರು. ಅಂದಿನಿಂದ ಅಕ್ಕನೂ ಆಟಕ್ಕೆ ಸೇರಿದರು.

ತಳಿಗಳು ನಾಲ್ಕು. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ. ಒಂದೊಂದಕ್ಕೂ ಅಂಗಿಯ ಒಂದೊಂದು ಗುಂಡಿ. ನಾಗರಕ್ಕೆ ಹೆಡೆ ಬಿಚ್ಚಿ ಕಚ್ಚದೆಯೇ ಹೆದರಿಸುವ ಅನುಕೂಲ ಇತ್ತು, ಆದರೆ ಹೆಡೆ ಎತ್ತಿದ ಸುತ್ತಿನಲ್ಲಿ ಓಡುವಂತಿಲ್ಲ. ಕಟ್ಟಹಾವು ಕಚ್ಚಿದ್ದು ಕಚ್ಚಿಸಿಕೊಂಡವನಿಗೇ ತಿಳಿಯದು, ನೋವಿಲ್ಲ, ಉರಿಯಿಲ್ಲ, ಆದರೆ ಹಗಲು ಅದಕ್ಕೆ ಮಂಕು. ಕೊಳಕುಮಂಡಲದ ವಿಷ ಎಲ್ಲಕ್ಕಿಂತ ಜಾಸ್ತಿ, ಮೈ ಭಾರ, ಮತ್ತು ಮೊದಲು ಬುಸುಗುಡಲೇಬೇಕು, ಹಾಗಾಗಿ ಎದುರಾಳಿಗೆ ಮುನ್ನೆಚ್ಚರಿಕೆ ಸಿಗುತ್ತದೆ. ಗರಗಸಮಂಡಲ ಗೇಣುದ್ದದ್ದು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಅದರ ಗುಂಡಿ ಡಬ್ಬಿಯಲ್ಲೇ ಇರುತ್ತಿತ್ತು.

ನನಗೆ ನಾಗರವೇ ಬೇಕಿತ್ತು. “ನೀವು ಕೊಳಕುಮಂಡಲ ಮೇಡಂ,” ಅಂದರು.

“ಯಾಕ್ರಿ?”

“ಪ್ರಿನ್ಸಿಪಾಲ್ ರೂಮಿಗೆ ಹೋಗೂ ಮುಂಚೆ ಕಾರಿಡಾರಿನ್ಯಾಗ ಎಷ್ಟ್ ಬುಸುಗುಡ್ತೀರಿ. ಅವರು ಬಾಗಿಲ ಹಾಕ್ಕೊಂಡ್ ಬಿಡ್ತಾರ.”

ಖಾದರ್ ಭಾಯಿ ಬಿದ್ದುಬಿದ್ದು ನಕ್ಕರು. ಅವರಿಗೆ ನಾಗರ ಸಿಕ್ಕಿತು. ಎದೆಯುಬ್ಬಿಸಿ ಕೂತರು, ಒಂದು ಗಂಟೆಯೊಳಗೆ ಹೆಡೆ ಎತ್ತಿಕೊಂಡೇ ಜೇಸಿಬಿ ಕೆಳಗೆ ಸತ್ತರು. ಅಕ್ಕ ಕಟ್ಟಹಾವನ್ನು ತಾವೇ ಎತ್ತಿಕೊಂಡರು. ಕರಿ ಗುಂಡಿ ಸೀರೆಯ ಬಣ್ಣಕ್ಕೆ ಒಪ್ಪುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಎರಡು ಕಟ್ಟಳೆಗಳಲ್ಲಿ ಸರ್ ಬಹಳ ಕಟ್ಟುನಿಟ್ಟು. ಒಂದು, ಆಟದಲ್ಲಿ ಯಾರೂ ‘ಕಚ್ಚಿದೆ’ ಅನ್ನುವಂತಿಲ್ಲ, ‘ಮುಟ್ಟಿದೆ’ ಅನ್ನಬೇಕು. ಅವರ ಊರಲ್ಲಿ ಹಾವು ಕಚ್ಚಿತು ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ಅವರ ಅವ್ವ ಹಾಗೇ ಹೇಳುತ್ತಿದ್ದಳಂತೆ. ಪ್ರಾಣಿಶಾಸ್ತ್ರದವರಾಗಿ ಇದನ್ನು ನಂಬುತ್ತೀರಾ ಎಂದು ಕೆಣಕಿದೆ. “ನಂಬಿಕಿ ಅಲ್ರಿ, ಸಂಕೋಚ,” ಅಂದರು. ಎರಡನೆಯದು ಇನ್ನೂ ಬಿಗಿ: ಬಾಯಲ್ಲಿ ಹೇಳಿದ್ದೇ ನಡೆ. ಗುಂಡಿ ಸರಿಸಿ ಸುಮ್ಮನೆ ಕೂತರೆ ಅದು ನಡೆಯಲ್ಲ, ಪಾಳಿ ಹೋಯಿತು. ಹೇಳಬೇಕು. ಹೇಗಾದರೂ ಹೇಳಿ, ಕನ್ನಡವೋ ದಖ್ಖನಿಯೋ, ತೊದಲಿದರೂ ಆದೀತು, ಆದರೆ ಹೇಳಬೇಕು. ಖಾದರ್ ಭಾಯಿ ಎಷ್ಟೋ ಸಲ ಬಾಯ್ತುಂಬ ಮಿರ್ಚಿ ಭಜಿ ತುಂಬಿಕೊಂಡು ಪಾಳಿ ಕಳಕೊಂಡದ್ದುಂಟು.

ಆಟದ ಮಾತು ನಿಧಾನಕ್ಕೆ ಸ್ಟಾಫ್‌ರೂಮಿಗೂ ಬಂತು. ಹಾವು ಒಮ್ಮೆ ವಿಷ ಖಾಲಿ ಮಾಡಿದರೆ ಮೂರು ಸುತ್ತು ಬರಿಗೈಲಿ ಇರಬೇಕೆಂಬುದು ಆಟದ ಲೆಕ್ಕ. ವಿಷ ಬಿಡದೆ ಬರೀ ಹಲ್ಲು ತಾಗಿಸುವುದೂ ಉಂಟು, ಅದು ಒಣ ಕಡಿತ. ಒಮ್ಮೆ ಹಬ್ಬದ ದಿನವೂ ಕ್ಲಾಸಿಟ್ಟರೆಂದು ನಾನು ಮ್ಯಾನೇಜ್‌ಮೆಂಟಿನವರನ್ನು ಬೈಯಲು ಎದ್ದು ನಿಂತಿದ್ದೆ. ಸರ್ ನನ್ನ ಸೆರಗಿನ ತುದಿ ಹಿಡಿದು ಕೂರಿಸಿ ಪಿಸುಗುಟ್ಟಿದರು: “ಒಣ ಕಡಿತ ಸಾಕ್ರಿ ಇವರಿಗೆ. ವಿಷ ತುಂಬಾಕ ಭಾಳ ದಿನ ಹಿಡಿತೈತಿ.” ಈಗಲೂ ಎಷ್ಟೋ ಜಗಳಗಳನ್ನು ನಾನು ಅಷ್ಟಕ್ಕೇ ಮುಗಿಸುತ್ತೇನೆ. ಒಳ್ಳೆಯತನದಿಂದಲ್ಲ, ಸುಸ್ತಿನಿಂದ.

ಆಮೇಲೆ ಗಂಟಲು ಕೆಟ್ಟಿತು. ಕೆಟ್ಟದ್ದು ಮೊದಲೇ, ಯಾರೂ ಗಮನಿಸಲಿಲ್ಲ. ನಮ್ಮ ಕಸುಬಿನಲ್ಲಿ ಗಂಟಲು ಒಡೆಯುವುದು ರೋಗ ಅಂತ ಯಾರು ತಿಳಿದಾರು? ಅದು ಸಂಬಳದ ಜೊತೆಗೇ ಬರುವುದು. ತಿಂಗಳುಗಟ್ಟಲೆ ಕಷಾಯ, ಅತಿಮಧುರ, ಉಪ್ಪುನೀರು. ಕೊನೆಗೆ ಅಕ್ಕನೇ ರಜೆ ಹಾಕಿ ದೊಡ್ಡ ದವಾಖಾನೆಗೆ ಕರೆದೊಯ್ದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು. ಹರೆಯದಲ್ಲಿ ಸೇದಿದ ಸಿಗರೇಟಿನ ಬಾಬ್ತು ಇರಬಹುದು, ಹೀಗೇ ಅಂತ ಹೇಳಲು ಬರುವುದಿಲ್ಲ ಅಂದರಂತೆ ಡಾಕ್ಟರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ಬದುಕಬಹುದು. ಬೇಗ ತೆಗೆಯಬೇಕು. ಮಾತು ಮತ್ತೆ ಬರುವುದಿಲ್ಲ.

ಸರ್ ಒಪ್ಪಲಿಲ್ಲ. ಇಲ್ಲ ಅಂತಲೂ ಹೇಳಲಿಲ್ಲ, ಅದೇ ಅವರ ಕೆಟ್ಟ ಗುಣ. ‘ನೋಡೂಣು’ ಅಂದರು. ಈ ಬ್ಯಾಚಿನ ಪರೀಕ್ಷೆ ಮುಗೀಲಿ ಅಂದರು. ಅದು ಮುಗಿದ ಮೇಲೆ ಹೊಸ ಬ್ಯಾಚು ಶುರುವಾಗಲಿ ಅಂದರು. ಸ್ಟಾಫ್‌ರೂಮಿನಲ್ಲಿ ನಾನು ಬುಸುಗುಟ್ಟಿದೆ. “ಜೀವಕ್ಕಿಂತ ಹೆಚ್ಚೇನ್ರಿ ಸರ್, ಈ ದರಿದ್ರ ಕ್ಲಾಸು?”

“ಕ್ಲಾಸಿಗಲ್ರಿ,” ಅಂದರು. ದನಿ ಆಗಲೇ ನೂಲಿನಷ್ಟಾಗಿತ್ತು. “ಕ್ಲಾಸು ಹಾಳಾಗಿ ಹೋಗ್ಲಿ. ಆದ್ರ ದನಿ ಇಲ್ದಾಂವ ಮನಿಯಾಗ ಕುಂತು ಏನ್ ಮಾಡ್ಲಿ? ಐತವಾರನೂ ಹೋಗತೈತಲ್ರಿ.”

ಮಹರಾಯ, ಐತವಾರದ ಆಟಕ್ಕೋಸ್ಕರ ಸಾಯಲು ಹೊರಟಿದ್ದೀಯಾ ಎಂದು ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಅಕ್ಕನಿಗೆ ಫೋನು ಮಾಡಿದರೆ ಆ ಕಡೆಯಿಂದ ಯಂತ್ರದ ಬಡಿತದ ನಡುವೆ ಒಂದೇ ಮಾತು: “ಹೇಳಿ ಹೇಳಿ ನನಗ ಸಾಕಾಗೈತಿ ತಂಗಿ. ಗ್ವಾಡಿಗೆ ಹೇಳಿದ್ರ ಗ್ವಾಡಿನಾದ್ರೂ ಕೇಳತಿತ್ತು.”

ಮುಂದಿನ ಐತವಾರ ಎಂದಿನಂತೆ ಹೋದೆವು. ಬೇಸಿಗೆ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸರ್ ಕಥೆ ಹೇಳುತ್ತಿದ್ದರು, ಅರ್ಧ ಕೇಳುತ್ತಿತ್ತು, ಅರ್ಧ ನಾವೇ ಊಹಿಸಿಕೊಳ್ಳುತ್ತಿದ್ದೆವು. ಜೇಸಿಬಿ ಬಾವಿಯವರೆಗೆ ಬಂದಿತ್ತು. ಡ್ರೈವರು ಇಳಿದು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದ. ಅಕ್ಕನ ಪಾಳಿ. ಅಕ್ಕ ಕರಿ ಗುಂಡಿಯನ್ನು ಬಾವಿಯ ಸಂದಿಯಿಂದ ಎತ್ತಿ, ಕಲ್ಲುಗಳ ನಡುವೆ ಸುತ್ತುಬಳಸಿ ತಂದು, ಡ್ರೈವರನ ಕಾಲ ಹತ್ತಿರ ಇಟ್ಟರು. ಇಟ್ಟು ಕೈಕಟ್ಟಿ ಕೂತರು.

“ಏನ್ ಮಾಡಿದಿ? ಹೇಳು,” ಅಂದರು ಸರ್.

ಅಕ್ಕ ಮಾತಾಡಲಿಲ್ಲ.

“ಬಾಯಿಲೆ ಹೇಳಬೇಕು. ಹೇಳಿದ್ರ ನಡಿ. ಇಲ್ಲಾಂದ್ರ ಪಾಳಿ ಹೋಗತೈತಿ.”

ಇಲ್ಲ. ತುಟಿ ಬಿಗಿದುಕೊಂಡು ಗಂಡನನ್ನೇ ನೋಡುತ್ತ ಕೂತರು. ಖಾದರ್ ಭಾಯಿ ಕಸಿವಿಸಿಯಿಂದ, “ಭಾಭಿ, ಬೋಲ್ ದೋ ನಾ,” ಅಂದರು. ನನಗೆ ತಾಳ್ಮೆ ಮೊದಲೇ ಇಲ್ಲ. “ಹೇಳ್ರಿ ಅಕ್ಕಾ, ಮುಟ್ಟಿದೆ ಅನ್ರಿ, ಒಂದು ಮಾತು!” ಅಂದೆ. ಅಕ್ಕ ನನ್ನತ್ತ ತಿರುಗಲೂ ಇಲ್ಲ. ಸರ್ ಹೆಂಡತಿಯ ಮುಖ ನೋಡಿದರು, ಗುಂಡಿ ನೋಡಿದರು, ಅದು ಬಂದ ದಾರಿ ನೋಡಿದರು. ಆಟ ಕಟ್ಟಿದವರು ಅವರೇ. ಅಂಥ ಜಾಣ ನಡೆಯನ್ನು ಹಾಳು ಮಾಡಲು ಅವರಿಗೆ ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ.

“ಮುಟ್ಟಿದೇನು?” ಅಂದರು ಕೊನೆಗೆ.

ಅಕ್ಕ ಹೌದೆಂದು ತಲೆಯಾಡಿಸಿದರು.

ಸರ್ ದಾಳ ಹಾಕಿದರು. ಬೇಕಾದಷ್ಟು ಬಿತ್ತು. “ಆತು. ತಿಳೀತು. ನಡೀತೈತಿ.”

ಆಗ ಅಕ್ಕ ಬಾಯಿ ಬಿಟ್ಟರು. “ನಡೀತೈತಿ ಅಂದ್ರಿ. ಕೇಳಿದಿಲ್ಲೋ ತಂಗಿ? ಖಾದರ್ ಭಾಯಿ, ನೀವೂ ಕೇಳಿದ್ರಿಲ್ಲ? ಇಬ್ಬರೂ ಸಾಕ್ಷಿ. ಮಾತಿಲ್ದನೂ ನಡೀತೈತಂತ, ಇವರ ಬಾಯಿಲೆ ಹೇಳ್ಯಾರ. ನಾಳೆ ದವಾಖಾನಿಗೆ ಹೋಗಿ ತಾರೀಖು ತಗೊಂಡು ಬರೂಣು.”

ಸರ್ ಗೋಡೆಗೆ ತಲೆ ಆನಿಸಿ ನಗತೊಡಗಿದರು, ಸದ್ದು ಅಷ್ಟಾಗಿ ಬರಲಿಲ್ಲ, ಹೊಟ್ಟೆ ಮಾತ್ರ ಕುಣಿಯಿತು. ಕಣ್ಣಲ್ಲಿ ನೀರು. “ಕಟ್ಟಹಾವು ನೋಡ್ರಿ ಮೇಡಂ,” ಅಂದರು. “ಮುಟ್ಟಿದ್ದ ಗೊತ್ತಾಗಲಿಲ್ಲ.” ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಲೆಯ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ನಾನು ನೋಡಿಯೂ ನೋಡದವಳ ಹಾಗೆ ಮಿರ್ಚಿಯ ತಟ್ಟೆ ತೊಳೆದೆ.

ಆಪರೇಷನ್ ಆಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕತ್ತಿಗೆ ಒತ್ತಿ ಹಿಡಿದರೆ ಮಾತು ಬರುವ ಯಂತ್ರವೊಂದನ್ನು ದವಾಖಾನೆಯವರು ಕೊಟ್ಟು ಅಭ್ಯಾಸ ಮಾಡಿಸಿದರು. ಮನೆಗೆ ಬಂದು ಮೊದಲ ಸಲ ಅದರಲ್ಲಿ ಹೆಂಡತಿಯ ಹೆಸರು ಕರೆದರಂತೆ. ಅಕ್ಕ ಅಡುಗೆಮನೆಯಿಂದ ಓಡಿಬಂದು, “ಯಪ್ಪಾ, ಮಿಕ್ಸರ್ ಕರದಂಗಾತು,” ಅಂದುಬಿಟ್ಟರು. ಸರ್ ಅದನ್ನು ಎತ್ತಿಟ್ಟವರು ಮತ್ತೆ ಮುಟ್ಟಲಿಲ್ಲ. ಸೆಂಟರಿನವರು ಮನೆಯಲ್ಲೇ ಕೂತು ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಕೊಟ್ಟರು. ಪುಣ್ಯವಂತರು, ಅಷ್ಟಾದರೂ ಮಾಡಿದರು.

ಐತವಾರ ನಿಲ್ಲಲಿಲ್ಲ. ಕಥೆ ಹೇಳುವ ಪಾಳಿ ಖಾದರ್ ಭಾಯಿಯ ತಲೆಗೆ ಬಂತು. “ನಕ್ಕೋ ಸರ್, ನನಗೆ ಬರಲ್ಲ,” ಎಂದು ಗೋಗರೆದರೂ ಬಿಡಲಿಲ್ಲ. ಅವರು ಹೇಳುವ ಕಥೆಯಲ್ಲಿ ಹಾಳುಕೋಟೆಯೊಳಗೂ ಇರಾನಿ ಹೋಟೆಲ್ಲು ಬರುತ್ತಿತ್ತು. ಇಷ್ಟು ವರ್ಷ ಯಾವ ತಳಿಯನ್ನೂ ಆರಿಸಿಕೊಳ್ಳದೆ ಬರೀ ಆಡಿಸಿದ್ದ ಸರ್ ಈಗ ಡಬ್ಬಿಗೆ ಕೈಹಾಕಿ ಗರಗಸಮಂಡಲದ ಗುಂಡಿ ತೆಗೆದುಕೊಂಡರು. ಜೇಬಿನಿಂದ ಬಾಚಣಿಗೆ ತೆಗೆದು ಅದರ ಹಲ್ಲುಗಳ ಮೇಲೆ ಉಗುರು ಎಳೆದರು. ಗರ್ರ್. ನಮಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ಟೈಪು ಮಾಡಿ ತೋರಿಸಿದರು: ಆ ಹಾವು ಬೆದರಿಸುವುದು ಗಂಟಲಿನಿಂದಲ್ಲ, ಮೈಯ ಮಡಿಕೆಗಳನ್ನು ಒಂದಕ್ಕೊಂದು ತಿಕ್ಕಿ, ಹುರುಪೆಯಿಂದ ಸದ್ದು ಮಾಡುತ್ತದೆ. ಆಮೇಲೆ ಆ ಬಾಚಣಿಗೆಯ ಕಾಟ ಏನು ಹೇಳಲಿ! ಒಂದು ಸಲ ಎಳೆದರೆ ಹೌದು, ಎರಡು ಸಲಕ್ಕೆ ಅಲ್ಲ. ಖಾದರ್ ಭಾಯಿ ಕಥೆಯಲ್ಲಿ ತಪ್ಪು ಮಾಡಿದರೆ ಉದ್ದಕ್ಕೆ ಎಳೆದದ್ದೇ ಎಳೆದದ್ದು. ಒಮ್ಮೆ ನಾಗರಕ್ಕೆ ಹಾಲು ಕುಡಿಸಿದರೆಂದು ಸರ್ ಎಳೆದ ಗರಗರ ತಡೆಯಲಾರದೆ ಪಕ್ಕದ ಮನೆಯವರು ಏನು ಕೊಯ್ಯುತ್ತಿದ್ದೀರಿ ಎಂದು ಕೇಳಿಕೊಂಡು ಬಂದರು.

ಹೀಗೆ ಮೂರು ವರ್ಷ ಸಿಕ್ಕಿತು. ಆಮೇಲೆ ಕ್ಯಾನ್ಸರು ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಆ ದಿನಗಳ ಬಗ್ಗೆ ಬರೆಯುವ ತಾಕತ್ತು ನನಗಿಲ್ಲ. ಬರೆದರೂ ಎಲ್ಲರ ಮನೆಯ ಆಸ್ಪತ್ರೆಯ ದಿನಗಳ ಹಾಗೇ ಇರುತ್ತದೆ.

ಅವರು ಹೋದ ಮೇಲಿನ ಎರಡನೇ ಐತವಾರ ಸನತ್‌ನಗರಕ್ಕೆ ಹೋದೆ. ಅಕ್ಕ ಕಾರ್ಖಾನೆಗೆ ಮರಳಿ ಹೋಗಲು ಶುರು ಮಾಡಿದ್ದರು. ಚಹಾ ಮಾಡಿಕೊಟ್ಟು ನನ್ನೆದುರು ಕೂತರು. ಸ್ವಲ್ಪ ಹೊತ್ತು ಅದೂ ಇದೂ, ಗ್ಯಾಸು ಬಂತು, ಮನೆ ಮಾಲೀಕರು ಒಳ್ಳೆಯವರು. ಆಮೇಲೆ ಇದ್ದಕ್ಕಿದ್ದಂತೆ, “ತಂಗಿ, ಅವರ ದನಿ ಹ್ಯಾಂಗಿತ್ತು ನಿನಗ ನೆನಪೈತೇನು?” ಅಂದರು.

“ಯಾಕಿಲ್ಲಕ್ಕಾ?”

“ನನಗ ಆಗವಲ್ದು. ಮಾರಿ ಕಾಣತೈತಿ, ಕೈ ಕಾಣತೈತಿ. ದನಿ ಬರವಲ್ದು. ನಾನ ತಗಿಸಿ ಹಾಕಿದ್ನಲ್ಲ, ಅದಕ್ಕ ಬರವಲ್ದೇನೋ.”

“ಹಂಗ್ಯಾಕಂತೀರಿ? ತಗಸಿದ್ದಕ್ಕ ಮೂರು ವರ್ಷ ಇದ್ರು.”

“ಇದ್ರು ಖರೆ,” ಅಂದರು ಅಕ್ಕ.

ಮನೆಗೆ ಬಂದು ಖಾದರ್ ಭಾಯಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಐತವಾರದ ದನಿಯನ್ನು ನಾವು ಯಾರೂ ಹಿಡಿದಿಟ್ಟಿರಲಿಲ್ಲ. ಆಡುವಾಗ ಫೋನು ಮುಟ್ಟಿದರೆ ಸರ್‌ಗೆ ಆಗುತ್ತಿರಲಿಲ್ಲ. ಆದರೆ ಸೆಂಟರಿನವರು ಪಾಠಗಳನ್ನು ವಿಡಿಯೋ ಮಾಡಿಸಿದ್ದರು, ಊರಾಚೆಯ ಮಕ್ಕಳಿಗೆ ಮಾರಲು. ಖಾದರ್ ಭಾಯಿ ಅದರಲ್ಲೊಂದನ್ನು ಹುಡುಕಿ ಫೋನಿಗೆ ಹಾಕಿಸಿಕೊಂಡರು. ಮುಂದಿನ ಐತವಾರ ಇಬ್ಬರೂ ಹೋದೆವು. ಭಾಭಿಗೆ ಖುಷಿಯಾಗುತ್ತದೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಅಕ್ಕ ಕನ್ನಡಕ ಹಾಕಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಸರ್ ಬಿಳಿ ಹಲಗೆಯ ಮುಂದೆ ನಿಂತಿದ್ದರು, ಕತ್ತಿಗೆ ಬಟ್ಟೆಯಿಲ್ಲ, ಕೂದಲು ಇನ್ನೂ ಕರಿ. ಪಕ್ಕದ ಕೋಣೆಯ ಗದ್ದಲ ಪ್ಲೈವುಡ್ ದಾಟಿ ಬರುತ್ತಿತ್ತು. ಅದರ ಮೇಲೆ ಸರ್ ಕೂಗುತ್ತಿದ್ದರು. “ಲಾಸ್ಟ್ ಬೆಂಚ್! ಇಟು ಚೂಡು! ವೆನಮ್, ವೆನಮ್ ಈಸ್ ಎ ಪ್ರೋಟೀನ್! ಏಮಯ್ಯಾ, ವಿನಪಡಿಂದಾ?” ಇತ್ತ ನೋಡು, ಕೇಳಿಸಿತಾ ಎಂದು ತೆಲುಗಿನಲ್ಲಿ. ಒಡೆದ ಗಂಟಲು, ಪ್ರತಿ ಮಾತಿಗೂ ಕತ್ತಿನ ನರ ಏಳುತ್ತಿತ್ತು.

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದರು. “ಇವರ ಏನು ಇದು?”

“ಹೌ ಭಾಭಿ, ಸರ್ರೇ,” ಅಂದರು ಖಾದರ್ ಭಾಯಿ.

“ಹಿಂಗ ಒದರ್ತಿದ್ರಾ?”

“ಹೌದಕ್ಕಾ,” ಅಂದೆ.

“ದಿನಾ?”

“ದಿನಾ. ಮುಂಜಾನಿಂದ ಸಂಜಿತನಕ.”

ಅಕ್ಕ ಎಂದೂ ಸೆಂಟರಿಗೆ ಬಂದವರಲ್ಲ. ಅವರಿಗೆ ಯಾವತ್ತು ಬಿಡುವಿತ್ತು? ಅಷ್ಟು ವರ್ಷ ಸಂಸಾರ ಮಾಡಿದವರು ಗಂಡ ಕೆಲಸ ಮಾಡುವುದನ್ನು ಇವತ್ತು ಮೊದಲ ಸಲ ನೋಡುತ್ತಿದ್ದರು.

“ನಾ ಏನ ತಿಳಕೊಂಡಿದ್ನಿ ಗೊತ್ತೇನ್ ತಂಗಿ,” ಅಂದರು, ಕಣ್ಣು ಫೋನಿನ ಮೇಲೇ ಇತ್ತು. “ನನ್ನ ಕೂಡ ಮಾತಾಡಾಕ ಇವರಿಗೆ ಏನೂ ಇಲ್ಲಂತ ತಿಳಕೊಂಡಿದ್ನಿ.”

ಫೋನಿನಲ್ಲಿ ಸರ್ ಅದೇ ಸಾಲನ್ನು ಹಿಂದಿನ ಬೆಂಚಿಗಾಗಿ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದರು. ಮಾತಿನ ನಡುವೆ ದನಿ ಸೀಳಿತು. ಕೆಮ್ಮಿದರು. ಮತ್ತೆ ಶುರು ಮಾಡಿದರು.

ಅಕ್ಕ ಫೋನನ್ನು ಖಾದರ್ ಭಾಯಿಯ ಕೈಗೆ ಕೊಟ್ಟರು.

“ಸಾಕು, ಬಂದ್ ಮಾಡಪ್ಪಾ. ಗಂಟಲ ನೋಯ್ತೈತಿ ಅವರಿಗೆ.”